ಹೇರಿದ ಸಮಾನತೆಯ ಕಥೆಗಳನ್ನು ಓದುವ ಕ್ರಮ: ‘ಹ್ಯಾರಿಸನ್ ಬರ್ಜರಾನ್’ ಕಥೆಯನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಎಲ್ಲರನ್ನೂ ಎಲ್ಲ ಬಗೆಯಲ್ಲೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸಲು ಹೊರಟ ಸರ್ಕಾರದ ಚಿತ್ರ ಡಿಸ್ಟೋಪಿಯಾ ಸಾಹಿತ್ಯದಲ್ಲಿ, ಅಂದರೆ ಕರಾಳ ಭವಿಷ್ಯವನ್ನು ಕಲ್ಪಿಸುವ ಕಥೆ ಕಾದಂಬರಿಗಳಲ್ಲಿ, ನೂರು ವರ್ಷಕ್ಕೂ ಹಿಂದಿನಿಂದ ಮತ್ತೆ ಮತ್ತೆ ಬರುತ್ತಿದೆ. ಇಂಥ ಕಥೆಗಳನ್ನು ಓದಿದವರು ಸಾಮಾನ್ಯವಾಗಿ ಎರಡು ಪಂಗಡವಾಗುತ್ತಾರೆ. ಸಮಾನತೆಯ ಆಸೆಯೇ ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಮಾಡುತ್ತದೆ ಎಂದು ಕೆಲವರು ತೀರ್ಮಾನಿಸಿದರೆ, ಇವೆಲ್ಲ ಉಳ್ಳವರ ಪರವಾಗಿ ಕಟ್ಟಿದ ಕಟ್ಟುಕಥೆಗಳೆಂದು ಮತ್ತೆ ಕೆಲವರು ಪುಸ್ತಕವನ್ನು ಪಕ್ಕಕ್ಕಿಡುತ್ತಾರೆ. ಎರಡೂ ಅವಸರದ ಓದು. ಈ ಕಥೆಗಳು ತೋರಿಸುವ ಅಪಾಯ ಸಮಾನತೆಯೆಂಬ ತತ್ತ್ವದಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಮೇಲಿದ್ದವರನ್ನು ಕೆಳಕ್ಕೆ ತಗ್ಗಿಸುವುದನ್ನೇ ಸಮಾನತೆಯೆಂದು ಕರೆಯುವ ಆಡಳಿತದಲ್ಲಿ ಮತ್ತು ಅಳೆಯುವ ಕೋಲನ್ನು ಹಿಡಿದಿದ್ದೂ ತಾನು ಮಾತ್ರ ಅಳತೆಗೆ ಸಿಗದೆ ಉಳಿಯುವ ಅಧಿಕಾರದಲ್ಲಿ ಇದೆ ಎಂಬುದು ಈ ಲೇಖಕನ ನಿಲುವು. ಆ ನಿಲುವು ಸರಿಯೋ ತಪ್ಪೋ ಎಂಬುದನ್ನು ಓದುಗರು ತಾವೇ ಪರೀಕ್ಷಿಸಿಕೊಳ್ಳಲು ಬೇಕಾದ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಲಾಗಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ, ಓದುಗರ ಬಳಗ ನಡೆಸುವವರಿಗೆ ಮತ್ತು ತರಗತಿಯಲ್ಲಿ ಇಂಥ ಕಥೆಗಳನ್ನು ಪಾಠ ಮಾಡುವ ಅಧ್ಯಾಪಕರಿಗೆ ಇದು ಉಪಯೋಗಕ್ಕೆ ಬಂದೀತು.

ಮುಖ್ಯ ಪಠ್ಯವಾಗಿ ಅಮೆರಿಕದ ಲೇಖಕ ಕರ್ಟ್ ವಾನೆಗಟ್ ಅವರ ‘ಹ್ಯಾರಿಸನ್ ಬರ್ಜರಾನ್’ ಎಂಬ ಸಣ್ಣಕಥೆಯನ್ನು ಆರಿಸಿಕೊಳ್ಳಲಾಗಿದೆ. 1961ರ ಅಕ್ಟೋಬರ್‌ನಲ್ಲಿ ಒಂದು ವೈಜ್ಞಾನಿಕ ಕಥಾ ಪತ್ರಿಕೆಯಲ್ಲಿ ಪ್ರಕಟವಾದ ಈ ಕಥೆ 1968ರಲ್ಲಿ ಅವರ ಕಥಾಸಂಕಲನಕ್ಕೆ ಸೇರಿತು. ಇಡೀ ಕಥೆ ಒಂದೇ ಕೂತಿನಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಈ ಬಗೆಯ ಕಥೆಗಳ ಪೈಕಿ ಅತಿ ಹೆಚ್ಚು ಉದ್ಧರಿಸಲ್ಪಟ್ಟದ್ದೂ, ಬಹುಶಃ ಅತಿ ಹೆಚ್ಚು ತಪ್ಪಾಗಿ ಉದ್ಧರಿಸಲ್ಪಟ್ಟದ್ದೂ ಇದೇ.

ಹೆಜ್ಜೆ 1: ಮೊದಲ ಓದು ಮತ್ತು ಮೊದಲ ವಾಕ್ಯಗಳ ಪರೀಕ್ಷೆ

ಸಾರಾಂಶಗಳನ್ನು ನೋಡದೆ ಕಥೆಯನ್ನು ಒಮ್ಮೆ ಪೂರ್ತಿಯಾಗಿ ಓದಿ. ಆಗ ಯಾವ ಟಿಪ್ಪಣಿಯನ್ನೂ ಮಾಡಿಕೊಳ್ಳಬೇಡಿ. ನಗು ಬಂದರೆ ತಡೆಯಬೇಕಿಲ್ಲ, ಏಕೆಂದರೆ ಇದು ನಗಿಸಲೆಂದೇ ಬರೆದ ಕಥೆ. ಆ ನಗು ಎಲ್ಲಿ ನಿಂತುಹೋಯಿತು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಎರಡನೆಯ ಸಲ ಮೊದಲ ಪರಿಚ್ಛೇದವನ್ನಷ್ಟೇ ಓದಿ. ಇಸವಿ 2081. ಎಲ್ಲರೂ ಕೊನೆಗೂ ಸಮಾನರಾಗಿದ್ದಾರೆ. ದೇವರ ಮುಂದೆ ಮತ್ತು ಕಾನೂನಿನ ಮುಂದೆ ಸಮಾನರಾಗಿರುವುದಷ್ಟೇ ಅಲ್ಲ, ಯಾರೂ ಇನ್ನೊಬ್ಬರಿಗಿಂತ ಬುದ್ಧಿವಂತರಲ್ಲ, ಚೆಲುವರಲ್ಲ, ಬಲಶಾಲಿಗಳಲ್ಲ, ಚುರುಕಿನವರಲ್ಲ. ಅಮೆರಿಕದ ಸಂವಿಧಾನಕ್ಕೆ ಆದ 211, 212 ಮತ್ತು 213ನೆಯ ತಿದ್ದುಪಡಿಗಳು ಹಾಗೂ ಹ್ಯಾಂಡಿಕ್ಯಾಪರ್ ಜನರಲ್ ಎಂಬ ಅಧಿಕಾರಿಯ ಸಿಬ್ಬಂದಿಯ ಎಡೆಬಿಡದ ಕಾವಲು ಇದನ್ನು ಸಾಧಿಸಿವೆ.

ಇಲ್ಲಿ ಒಂದು ಜಿಗಿತ ಇದೆ. ಅದನ್ನು ಗುರುತಿಸುವುದೇ ಈ ಹೆಜ್ಜೆಯ ಕೆಲಸ. ಕಾನೂನಿನ ಮುಂದಿನ ಸಮಾನತೆ ಒಂದು ಹಕ್ಕು. ವ್ಯಕ್ತಿಗಳ ನಡುವೆ ಏನೇ ವ್ಯತ್ಯಾಸವಿದ್ದರೂ ಪ್ರಭುತ್ವವು ಅವರನ್ನು ಒಂದೇ ರೀತಿ ನಡೆಸಿಕೊಳ್ಳಬೇಕು ಎಂಬುದು ಅದರ ಅರ್ಥ. ಎರಡನೆಯದು ಆ ವ್ಯತ್ಯಾಸಗಳನ್ನೇ ಅಳಿಸುವ ಯೋಜನೆ. ಮೊದಲನೆಯದು ಆಳುವವರ ಕೈಯನ್ನು ಕಟ್ಟುತ್ತದೆ, ಎರಡನೆಯದು ಅದೇ ಕೈಗೆ ಮಿತಿಯಿಲ್ಲದ ಕೆಲಸ ಕೊಡುತ್ತದೆ. ವಾನೆಗಟ್ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುವುದರಿಂದ, ಎಚ್ಚರವಿಲ್ಲದ ಓದುಗರು ಒಂದು ಇನ್ನೊಂದರ ಸಹಜ ಮುಂದುವರಿಕೆಯೆಂದು ಭಾವಿಸಿಬಿಡುತ್ತಾರೆ. ಪುಸ್ತಕದ ಅಂಚಿನಲ್ಲಿ ಅಲ್ಲಿಗೊಂದು ಗೆರೆ ಎಳೆದುಕೊಳ್ಳಿ.

ಹೆಜ್ಜೆ 2: ತಗ್ಗಿಸುವ ಸಾಧನಗಳ ಪಟ್ಟಿ

ಈಗ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದುತ್ತ, ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿಕೊಳ್ಳಿ: ಯಾರು, ಅವರ ಯಾವ ಗುಣ, ಅದಕ್ಕೆ ಯಾವ ಸಾಧನ, ಸಾಧನವನ್ನು ಕಳಚಿದರೆ ಯಾವ ಶಿಕ್ಷೆ. ಜಾರ್ಜ್ ಬರ್ಜರಾನ್ ಬುದ್ಧಿವಂತ. ಅವನ ಕಿವಿಯಲ್ಲೊಂದು ಪುಟ್ಟ ರೇಡಿಯೊ ಇದೆ, ಸುಮಾರು ಇಪ್ಪತ್ತು ಸೆಕೆಂಡಿಗೊಮ್ಮೆ ಸರ್ಕಾರಿ ಕೇಂದ್ರದಿಂದ ಕರ್ಕಶ ಸದ್ದು ಬಂದು ಅವನ ಯೋಚನೆಯನ್ನು ಚದುರಿಸುತ್ತದೆ. ಅವನು ಬಲಶಾಲಿಯೂ ಹೌದು. ಆದ್ದರಿಂದ ಕೋವಿಯ ಚರೆ ತುಂಬಿದ 47 ಪೌಂಡ್, ಅಂದರೆ ಸುಮಾರು 21 ಕಿಲೊ ತೂಕದ ಚೀಲವನ್ನು ಅವನ ಕೊರಳಿಗೆ ಬೀಗ ಹಾಕಿ ನೇತುಬಿಟ್ಟಿದ್ದಾರೆ. ಚೀಲದಿಂದ ತೆಗೆದ ಒಂದೊಂದು ಚರೆಗೂ ಎರಡು ವರ್ಷ ಸೆರೆವಾಸ ಮತ್ತು 2000 ಡಾಲರ್ ದಂಡ. ಟಿವಿಯಲ್ಲಿ ಕುಣಿಯುವ ಬ್ಯಾಲೆ ನರ್ತಕಿಯರ ಮೈಮೇಲೆ ಭಾರ, ಮುಖಕ್ಕೆ ಮುಖವಾಡ. ಅತಿ ಸುಂದರಿಯ ಮುಖವಾಡವೇ ಅತಿ ವಿಕಾರವಾದದ್ದು. ಇಂಪಾದ ದನಿಯ ನರ್ತಕಿ ತನ್ನ ದನಿಗಾಗಿ ಕ್ಷಮೆ ಕೇಳಿ, ಅದನ್ನು ಕರ್ಕಶ ಮಾಡಿಕೊಂಡು ಸುದ್ದಿ ಓದುತ್ತಾಳೆ. ಹದಿನಾಲ್ಕು ವರ್ಷದ, ಏಳಡಿ ಎತ್ತರದ ಹುಡುಗ ಹ್ಯಾರಿಸನ್ ಹೊತ್ತಿರುವುದು 300 ಪೌಂಡ್ ಲೋಹ. ಜೊತೆಗೆ ತಲೆನೋವು ಬರಿಸುವ ದಪ್ಪ ಕನ್ನಡಕ, ಮೂಗಿಗೆ ಕೆಂಪು ರಬ್ಬರ್ ಚೆಂಡು, ಬೋಳಿಸಿದ ಹುಬ್ಬು, ಹಲ್ಲುಗಳಿಗೆ ಕಪ್ಪು ಹೊದಿಕೆ.

ಪಟ್ಟಿ ಮುಗಿದ ಮೇಲೆ ಎರಡು ಸಂಗತಿಗಳನ್ನು ಗಮನಿಸಿ. ಮೊದಲನೆಯದಾಗಿ, ಎಲ್ಲ ಸಾಧನಗಳೂ ಕೆಳಮುಖವಾಗಿವೆ. ಕುರುಡರಿಗೆ ದೃಷ್ಟಿ ಬಂದದ್ದಾಗಲಿ, ದಡ್ಡರಿಗೆ ಪಾಠ ಹೇಳಿಕೊಟ್ಟದ್ದಾಗಲಿ, ಕುಂಟುವವರಿಗೆ ಊರುಗೋಲು ಸಿಕ್ಕಿದ್ದಾಗಲಿ ಕಥೆಯಲ್ಲಿ ಎಲ್ಲೂ ಇಲ್ಲ. ಜಾರ್ಜನ ಹೆಂಡತಿ ಹೇಜಲ್ ಸರಾಸರಿ ಬುದ್ಧಿಯವಳು. ಅವಳ ಕಿವಿಯಲ್ಲಿ ಏನೂ ಇಲ್ಲ, ಆದರೆ ಅವಳಿಗೆ ದೊರೆತದ್ದೂ ಏನೂ ಇಲ್ಲ. ಗಂಡನ ಯೋಚನೆ ಇಪ್ಪತ್ತು ಸೆಕೆಂಡಿಗೊಮ್ಮೆ ಮುರಿದುಬೀಳುವುದರಿಂದ ಅವಳ ಬದುಕು ಒಂದು ಎಳ್ಳಿನಷ್ಟೂ ಸುಧಾರಿಸಿಲ್ಲ. ಎರಡನೆಯದಾಗಿ, ಪಟ್ಟಿಯಲ್ಲಿ ಆಸ್ತಿ, ಕೂಲಿ, ಜಮೀನು ಯಾವುದರ ಸುಳಿವೂ ಇಲ್ಲ. ಈ ಸರ್ಕಾರ ತೂಗುವುದು ಬುದ್ಧಿಯನ್ನು, ಚೆಲುವನ್ನು, ಕಸುವನ್ನು. ಯಾರ ಬಳಿ ಎಷ್ಟು ಹಣವಿದೆ ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಈ ಮೌನವನ್ನು ಗುರುತು ಮಾಡಿಟ್ಟುಕೊಳ್ಳಿ, ಮುಂದೆ ಅದರಿಂದ ಕೆಲಸವಿದೆ.

ಕುದುರೆ ಪಂದ್ಯದ ಪರಿಚಯವಿರುವವರಿಗೆ ಈ ಅಧಿಕಾರಿಯ ಮೂಲ ಹೊಳೆದಿರುತ್ತದೆ. ಚೆನ್ನಾಗಿ ಓಡುವ ಕುದುರೆಯ ಮೇಲೆ ಹೆಚ್ಚು ತೂಕ ಹೊರಿಸಿ ಪಂದ್ಯವನ್ನು ಸಮಬಲಗೊಳಿಸುವ ಹ್ಯಾಂಡಿಕ್ಯಾಪರ್ ಅಲ್ಲಿನ ಪರಿಣತ. ಆದರೆ ಅಲ್ಲಿ ಪಂದ್ಯವೊಂದು ಇರುತ್ತದೆ, ಅದು ಮುಗಿದ ಮೇಲೆ ಭಾರವನ್ನು ಇಳಿಸುತ್ತಾರೆ. ವಾನೆಗಟ್ ಅವರ ಅಮೆರಿಕದಲ್ಲಿ ಪಂದ್ಯವೇ ರದ್ದಾಗಿದೆ. ಉಳಿದಿರುವುದು ಭಾರ ಮಾತ್ರ.

ಹೆಜ್ಜೆ 3: ಅಳತೆಗೋಲು ಹಿಡಿದವರನ್ನು ಹುಡುಕುವುದು

ಹ್ಯಾಂಡಿಕ್ಯಾಪರ್ ಜನರಲ್ ಹುದ್ದೆಯಲ್ಲಿರುವವಳು ಡಯಾನಾ ಮೂನ್ ಗ್ಲ್ಯಾಂಪರ್ಸ್. ಅವಳು ಕಥೆಯಲ್ಲಿ ನೇರವಾಗಿ ಬರುವುದು ಕೊನೆಯಲ್ಲಿ, ಅದೂ ಕೆಲವೇ ಸಾಲುಗಳಲ್ಲಿ. ಸೆರೆಯಿಂದ ತಪ್ಪಿಸಿಕೊಂಡ ಹ್ಯಾರಿಸನ್ ಟಿವಿ ಸ್ಟುಡಿಯೊಗೆ ನುಗ್ಗಿ, ಭಾರ ಕಳಚಿ, ನರ್ತಕಿಯೊಬ್ಬಳ ಜೊತೆ ಗಾಳಿಗೆ ಜಿಗಿದಿರುವಾಗ, ಅವಳು ಜೋಡುನಳಿಗೆಯ ಕೋವಿ ಹಿಡಿದು ಒಳಗೆ ಬಂದು ಎರಡು ಈಡು ಹೊಡೆಯುತ್ತಾಳೆ. ಹ್ಯಾರಿಸನ್ ಮತ್ತು ಅವನ ಜೊತೆಗಾತಿ ನೆಲ ಮುಟ್ಟುವ ಮೊದಲೇ ಸತ್ತಿರುತ್ತಾರೆ. ಬಳಿಕ ಕೋವಿಗೆ ಮತ್ತೆ ತೋಟಾ ತುಂಬಿ, ವಾದ್ಯಗಾರರಿಗೆ ಗುರಿಯಿಟ್ಟು, ಹತ್ತು ಸೆಕೆಂಡಿನೊಳಗೆ ನಿಮ್ಮ ಭಾರಗಳನ್ನು ಮತ್ತೆ ಹೊರಬೇಕೆಂದು ಆಜ್ಞೆ ಮಾಡುತ್ತಾಳೆ.

ಈ ಸಾಲುಗಳ ಬಳಿ ನಿಂತು ಕೇಳಬೇಕಾದ ಪ್ರಶ್ನೆ: ಗಾಳಿಯಲ್ಲಿರುವ ಇಬ್ಬರನ್ನು ಎರಡೇ ಈಡಿಗೆ ಕೆಡವಬಲ್ಲವಳ ಕಣ್ಣಿಗೆ ಮಬ್ಬುಗನ್ನಡಕ ಎಲ್ಲಿದೆ? ಅವಳ ಕೊರಳಿಗೆ ಚೀಲ ಎಲ್ಲಿದೆ? ಕಥೆ ಅವಳ ಮೈಮೇಲೆ ಯಾವ ಭಾರವನ್ನೂ ಹೊರಿಸುವುದಿಲ್ಲ. ಹೇಜಲ್ ನೋಡಲು ಅವಳಂತೆಯೇ ಇದ್ದಾಳೆ ಎಂಬ ಮಾತನ್ನು ವಾನೆಗಟ್ ನಡುವೆ ಎಲ್ಲೋ ಹಗುರವಾಗಿ ಸೇರಿಸಿಟ್ಟಿದ್ದಾರೆ. ಅದನ್ನು ಎರಡು ರೀತಿಯಲ್ಲಿ ಓದಬಹುದು: ಸರ್ಕಾರವನ್ನು ನಡೆಸುತ್ತಿರುವುದು ಸರಾಸರಿತನ ಎಂದು, ಇಲ್ಲವೆ ಭಾರ ಹೊರದೆ ಉಳಿಯಲು ಸರಾಸರಿತನವನ್ನು ಅಧಿಕಾರವು ಒಂದು ಮರೆಯಾಗಿ ಬಳಸುತ್ತಿದೆ ಎಂದು. ಕೋವಿಯ ಗುರಿ ತಪ್ಪದಿರುವುದನ್ನು ನೋಡಿದರೆ ಎರಡನೆಯ ಓದು ಹೆಚ್ಚು ಗಟ್ಟಿ ಎಂದು ನನಗೆ ತೋರುತ್ತದೆ.

ಇದೇ ಪ್ರಶ್ನೆಯನ್ನು ಇತಿಹಾಸಕ್ಕೂ ಕೇಳಬಹುದು. ಕಾಂಬೋಡಿಯಾದಲ್ಲಿ 1975ರ ಏಪ್ರಿಲ್ 17ರಂದು ನಾಮ್ ಪೆನ್ ನಗರವನ್ನು ವಶಪಡಿಸಿಕೊಂಡ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ಆಡಳಿತ ಕೆಲವೇ ದಿನಗಳಲ್ಲಿ ಇಡೀ ನಗರವನ್ನು ಖಾಲಿ ಮಾಡಿಸಿತು, ಹಣವನ್ನೇ ರದ್ದು ಮಾಡಿತು, ಕಪ್ಪು ಉಡುಪನ್ನೂ ಸಾಮೂಹಿಕ ಊಟವನ್ನೂ ಕಡ್ಡಾಯ ಮಾಡಿತು. ಮೇಲ್ನೋಟಕ್ಕೆ ಇದಕ್ಕಿಂತ ಸಮಾನವಾದ ಸಮಾಜ ಇರಲಾರದು. ಆದರೆ ಅದೇ ಆಡಳಿತ ಹಳ್ಳಿಯ ಮೂಲದವರನ್ನು ‘ಹಳೆಯ ಜನ’ ಎಂದೂ ನಗರದಿಂದ ಹೊರದಬ್ಬಿದವರನ್ನು ‘ಹೊಸ ಜನ’ ಎಂದೂ ವಿಂಗಡಿಸಿ, ಎರಡನೆಯವರಿಗೆ ಅನ್ನವನ್ನೂ ಜೀವವನ್ನೂ ಕಡಿಮೆ ಅಳೆಯಿತು. 1979ರ ಜನವರಿಯಲ್ಲಿ ಅದು ಉರುಳುವ ಹೊತ್ತಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ವ್ಯತ್ಯಾಸಗಳನ್ನೆಲ್ಲ ಅಳಿಸುತ್ತೇವೆ ಎಂದವರು ಮೊದಲು ಮಾಡಿದ ಕೆಲಸವೇ ಹೊಸ ವಿಂಗಡಣೆ.

ಹೆಜ್ಜೆ 4: ಒಪ್ಪಿಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಬಿಡಿಸುವುದು

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಕೋವಿ, ಬೀಗ, ದಂಡ ಇವೆಲ್ಲ ಕಣ್ಣಿಗೆ ಕಾಣುವ ಬಲವಂತ. ಕಥೆಯ ನಿಜವಾದ ಭಯ ಇರುವುದು ಸೋಫಾದ ಮೇಲೆ ಕೂತು ಟಿವಿ ನೋಡುತ್ತಿರುವ ಗಂಡ ಹೆಂಡಿರ ಮಾತುಕತೆಯಲ್ಲಿ. ಅವರ ಮಗನೇ ಹ್ಯಾರಿಸನ್. ಅವನನ್ನು ಏಪ್ರಿಲ್ ತಿಂಗಳಲ್ಲಿ ಸರ್ಕಾರದವರು ಹಿಡಿದುಕೊಂಡು ಹೋಗಿದ್ದಾರೆ. ಅದು ದುಃಖದ ಸಂಗತಿಯೇ, ಆದರೆ ಅದರ ಬಗ್ಗೆ ಬಹಳ ಹೊತ್ತು ಯೋಚಿಸಲು ಅವರಿಗಾಗುವುದಿಲ್ಲ: ಒಬ್ಬಳಿಗೆ ಸ್ವಭಾವದಿಂದ, ಇನ್ನೊಬ್ಬನಿಗೆ ಯಂತ್ರದಿಂದ.

ಮಾತುಕತೆಯನ್ನು ಸಾಲು ಸಾಲಾಗಿ ಹೀಗೆ ಓದಿ. ಹೇಜಲ್‌ಗೆ ಗಂಡನ ಆಯಾಸ ಕಾಣುತ್ತದೆ. ಚೀಲದ ತಳದಲ್ಲೊಂದು ಸಣ್ಣ ತೂತು ಮಾಡಿ ನಾಲ್ಕು ಚರೆ ತೆಗೆದುಬಿಡಬಹುದಲ್ಲ ಎನ್ನುತ್ತಾಳೆ. ಮನೆಯೊಳಗೆ, ಯಾರೂ ಇಲ್ಲದಿರುವಾಗ. ಜಾರ್ಜ್ ಮೊದಲು ಶಿಕ್ಷೆಯ ಲೆಕ್ಕ ಹೇಳುತ್ತಾನೆ, ಆಮೇಲೆ ತತ್ತ್ವಕ್ಕೆ ಬರುತ್ತಾನೆ: ತಾನು ತಪ್ಪಿಸಿಕೊಂಡರೆ ಬೇರೆಯವರೂ ತಪ್ಪಿಸಿಕೊಳ್ಳುತ್ತಾರೆ, ಆಗ ಎಲ್ಲರೂ ಎಲ್ಲರ ಮೇಲೂ ಪೈಪೋಟಿಗೆ ಬಿದ್ದಿದ್ದ ಕತ್ತಲ ಕಾಲ ಮರಳುತ್ತದೆ. ಈ ವಾದವನ್ನು ಗೇಲಿ ಮಾಡಿ ತಳ್ಳಿಹಾಕಬೇಡಿ. ಇದರಲ್ಲಿ ನಾಗರಿಕ ಜವಾಬ್ದಾರಿಯ ಧ್ವನಿ ಇದೆ. ತೆರಿಗೆ ಕಟ್ಟುವ, ಸರತಿಯ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬ ಸಭ್ಯ ವ್ಯಕ್ತಿಯೂ ಆಡಬಹುದಾದ ಮಾತು ಅದು. ತನ್ನನ್ನು ತುಳಿಯುವ ವ್ಯವಸ್ಥೆಯನ್ನು ಜಾರ್ಜ್ ಸಮರ್ಥಿಸುತ್ತಿರುವುದು ತನ್ನ ಒಳ್ಳೆಯತನದಿಂದಲೇ.

ಮುಂದಿನ ಕ್ಷಣವನ್ನು ನೋಡಿ. ಜನ ಕಾನೂನಿಗೆ ಮೋಸ ಮಾಡತೊಡಗಿದರೆ ಸಮಾಜದ ಗತಿ ಏನಾದೀತು ಎಂದು ಅವನು ಕೇಳುತ್ತಾನೆ. ಅಷ್ಟರಲ್ಲಿ ಕಿವಿಯಲ್ಲಿ ಸೈರನ್ ಕೂಗುತ್ತದೆ. ಎಲ್ಲ ಕುಸಿದುಬೀಳುತ್ತದೆ ಎಂದು ಹೇಜಲ್ ಉತ್ತರಿಸಿದಾಗ, ಏನು ಕುಸಿಯುತ್ತದೆ ಎಂದು ಜಾರ್ಜನೇ ಕೇಳುತ್ತಾನೆ. ಆ ಮಾತನ್ನು ಆಡಿದ್ದು ತಾನೇ ಎಂಬುದು ಅವನಿಗೆ ಮರೆತುಹೋಗಿದೆ. ಯಂತ್ರವು ಅಧಿಕಾರಕ್ಕೆ ವಿರೋಧವಾದ ಯೋಚನೆಯನ್ನು ಮಾತ್ರ ಕತ್ತರಿಸುವುದಿಲ್ಲ, ಅಧಿಕಾರದ ಪರವಾದ ವಾದವನ್ನೂ ಕತ್ತರಿಸುತ್ತದೆ. ಏಕೆಂದರೆ ಪರವಾದ ವಾದವನ್ನು ಕೊನೆಯವರೆಗೆ ಯೋಚಿಸಲು ಬಿಟ್ಟರೂ ಅಪಾಯವೇ. ಅದು ತನ್ನ ಬಿರುಕನ್ನು ತಾನೇ ಕಂಡುಕೊಂಡೀತು. ನಂಬಿಕೆಯ ಅಗತ್ಯವೂ ಇಲ್ಲದ ವಿಧೇಯತೆ ಇದು.

ಇದೇ ಮಾತುಕತೆಯಲ್ಲಿ ಬರುವ ಇನ್ನೊಂದು ಸಣ್ಣ ಸಂಗತಿಯನ್ನೂ ಬಿಡಬೇಡಿ. ತಾನು ಹ್ಯಾಂಡಿಕ್ಯಾಪರ್ ಜನರಲ್ ಆಗಿದ್ದರೆ ಭಾನುವಾರಗಳಂದು ಬರೀ ಗಂಟೆಯ ನಾದ ಕೇಳಿಸುತ್ತಿದ್ದೆ, ಧರ್ಮದ ಗೌರವಕ್ಕೆ, ಎನ್ನುತ್ತಾಳೆ ಹೇಜಲ್. ಬರೀ ಗಂಟೆಯಾದರೆ ನನಗೆ ಯೋಚಿಸಲು ಆಗಿಬಿಡುತ್ತದಲ್ಲ ಎಂದು ಜಾರ್ಜ್ ಹೇಳಿದ ಕೂಡಲೇ, ಹಾಗಾದರೆ ಜೋರಾಗಿ ಬಾರಿಸೋಣ ಎಂದು ಅವಳು ತಿದ್ದಿಕೊಳ್ಳುತ್ತಾಳೆ. ಹೇಜಲ್‌ನಲ್ಲಿ ಕೆಡುಕಿಲ್ಲ. ಗಂಡನ ಕಿವಿಯಲ್ಲಿ ಮೊಳಗುವ ಬಗೆಬಗೆಯ ಸದ್ದುಗಳ ಬಗ್ಗೆ ಅವಳಿಗೆ ತುಸು ಹೊಟ್ಟೆಕಿಚ್ಚೂ ಇದೆ. ಹೇರಿದ ಸಮಾನತೆ ಅಸೂಯೆಯನ್ನು ನೀಗಿಸಲಿಲ್ಲ. ಅಸೂಯೆಪಡಲು ಬೇರೇನೂ ಉಳಿಯದಿದ್ದಾಗ ಮನುಷ್ಯರು ಇನ್ನೊಬ್ಬರ ಸಂಕೋಲೆಯನ್ನು ಕಂಡೂ ಅಸೂಯೆಪಡುತ್ತಾರೆ.

ಹೆಜ್ಜೆ 5: ನಾಯಕನನ್ನು ಅನುಮಾನದಿಂದ ನೋಡುವುದು

ಹೆಚ್ಚಿನ ಓದುಗಳು ದಾರಿ ತಪ್ಪುವುದು ಇಲ್ಲಿ. ಸೆರೆಮನೆಯಿಂದ ತಪ್ಪಿಸಿಕೊಂಡು ಸ್ಟುಡಿಯೊಗೆ ನುಗ್ಗಿದ ಹ್ಯಾರಿಸನ್ ಸ್ವಾತಂತ್ರ್ಯದ ವೀರನೆಂದು ಭಾವಿಸುವುದು ಸುಲಭ. ಅವನು ಆಡುವ ಮಾತುಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಅವನ ಮೊದಲ ಘೋಷಣೆಯೇ ತಾನು ಚಕ್ರವರ್ತಿ ಎಂಬುದು. ಎಲ್ಲರೂ ತಾನು ಹೇಳಿದ್ದನ್ನು ಈ ಕ್ಷಣವೇ ಮಾಡಬೇಕು ಎಂಬುದು ಎರಡನೆಯದು. ಈವರೆಗೆ ಬದುಕಿದ ಯಾವ ಅರಸನಿಗಿಂತಲೂ ತಾನು ದೊಡ್ಡವನು ಎನ್ನುತ್ತಾನೆ. ಚೆನ್ನಾಗಿ ನುಡಿಸಿದರೆ ವಾದ್ಯಗಾರರಿಗೆ ಸಾಮಂತ ಪದವಿಗಳನ್ನು ಕೊಡುವುದಾಗಿ ಹೇಳುತ್ತಾನೆ. ಅವರ ನುಡಿತ ಹಿಡಿಸದಿದ್ದಾಗ ಇಬ್ಬರನ್ನು ಕುರ್ಚಿಯಿಂದ ಎತ್ತಿ, ಸಂಗೀತ ನಿರ್ದೇಶಕನ ಕೋಲಿನಂತೆ ಗಾಳಿಯಲ್ಲಿ ಬೀಸಿ, ಹೀಗೆ ನುಡಿಸಿ ಎಂದು ಹಾಡಿ ತೋರಿಸುತ್ತಾನೆ.

ಅವನು ನರ್ತಕಿಯೊಬ್ಬಳ ಭಾರ ಕಳಚುತ್ತಾನೆ ಎಂಬುದೂ, ಅವರಿಬ್ಬರು ಮೂವತ್ತಡಿ ಎತ್ತರದ ಚಾವಣಿಗೆ ಮುತ್ತಿಡುವವರೆಗೆ ಜಿಗಿಯುವ ಭಾಗ ಕಥೆಯಲ್ಲೇ ಅತ್ಯಂತ ಸುಂದರವಾದದ್ದು ಎಂಬುದೂ ನಿಜ. ಪ್ರತಿಭೆಗೆ ಕಟ್ಟು ಬಿಚ್ಚಿದರೆ ಏನಾಗಬಹುದೆಂಬ ಕನಸು ಅಲ್ಲಿದೆ. ಆದರೆ ಆ ಜಿಗಿತ ಗುರುತ್ವಾಕರ್ಷಣೆಯ ನಿಯಮವನ್ನೂ ಮೀರುವಷ್ಟು ಅತಿಯಾಗಿರುವುದು, ಅತಿಮಾನವನ ಕಲ್ಪನೆಯನ್ನೂ ವಾನೆಗಟ್ ಗೇಲಿ ಮಾಡುತ್ತಿದ್ದಾರೆಯೇ ಎಂಬ ಶಂಕೆಯನ್ನು ಹುಟ್ಟಿಸಬೇಕು. ಒಂದು ಕಡೆ ಕೋವಿಯ ಬಲದಿಂದ ಎಲ್ಲರನ್ನೂ ತಗ್ಗಿಸುವವಳು, ಇನ್ನೊಂದು ಕಡೆ ತೋಳ ಬಲದಿಂದ ಎಲ್ಲರ ಮೇಲೆ ಏರುವವನು. ಇವರಿಬ್ಬರ ನಡುವೆ ಸಾಮಾನ್ಯ ಪ್ರಜೆಯ ಜಾಗ ಯಾವುದು? ಕಥೆಯಲ್ಲಿ ಆ ಜಾಗ ಖಾಲಿ ಇದೆ. ಎಲ್ಲ ವ್ಯತ್ಯಾಸವನ್ನೂ ಅದುಮಿಟ್ಟ ಸಮಾಜದಲ್ಲಿ ವ್ಯತ್ಯಾಸವು ಸ್ಫೋಟಿಸುವಾಗ ಸರ್ವಾಧಿಕಾರಿಯ ರೂಪದಲ್ಲೇ ಸ್ಫೋಟಿಸುತ್ತದೆ ಎಂಬುದು ಹೇರಿದ ಸಮಾನತೆಯ ಮತ್ತೊಂದು ಅಪಾಯ. ಇದನ್ನು ಗುರುತಿಸದೆ ಹ್ಯಾರಿಸನ್‌ನನ್ನು ಕೊಂಡಾಡುವವರು ಕಥೆಯ ಅರ್ಧವನ್ನು ಮಾತ್ರ ಓದಿರುತ್ತಾರೆ.

ಹೆಜ್ಜೆ 6: ಇದೇ ಬಳಗದ ಬೇರೆ ಕೃತಿಗಳ ಪಕ್ಕದಲ್ಲಿಡುವುದು

ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಚರ್ಚೆಗೆ ಬೇಕಾದ ಒಂದೆರಡನ್ನು ಆರಿಸಿಕೊಂಡರೆ ಸಾಕು. ಇಂಗ್ಲೆಂಡಿನ ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ 1891ರಲ್ಲಿ ಬರೆದ ‘ದಿ ನ್ಯೂ ಯುಟೋಪಿಯಾ’ದಲ್ಲಿ ಸಾವಿರ ವರ್ಷದ ನಿದ್ದೆಯಿಂದ ಎದ್ದವನಿಗೆ ಕಾಣುವುದು ಹೆಸರಿನ ಬದಲು ಸಂಖ್ಯೆ ಹೊತ್ತ ಜನ. ಅಲ್ಲಿ ಅತಿ ಬಲವಂತರ ಕೈಯನ್ನೋ ಕಾಲನ್ನೋ ಕತ್ತರಿಸುತ್ತಾರೆ, ಬುದ್ಧಿ ಹೆಚ್ಚಾದರೆ ತಲೆಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೇಲಕ್ಕೆತ್ತಿ ಸಮ ಮಾಡುವುದು ಸಾಧ್ಯವಾಗಲಿಲ್ಲ, ಕೆಳಕ್ಕಿಳಿಸಿಯೇ ಮಾಡಬೇಕಾಯಿತು ಎಂಬ ಸಂಕಟವನ್ನು ಅಲ್ಲಿನ ಮಾರ್ಗದರ್ಶಿ ಮುದುಕನೇ ತೋಡಿಕೊಳ್ಳುತ್ತಾನೆ. ಎರಡನೆಯ ಹೆಜ್ಜೆಯ ಪಟ್ಟಿಗೆ ಇದು ಒಳ್ಳೆಯ ಜೋಡಿ.

ರಷ್ಯಾದ ಯೆವ್ಗೆನಿ ಜಮ್ಯಾತಿನ್ 1920–21ರಲ್ಲಿ ಬರೆದ ‘ನಾವು’ ಕಾದಂಬರಿ ಮೊದಲು ಅಚ್ಚಾದದ್ದು 1924ರಲ್ಲಿ, ಇಂಗ್ಲಿಷ್ ಅನುವಾದವಾಗಿ. ಸೋವಿಯತ್ ನಾಡಿನಲ್ಲಿ ಅದು ಬೆಳಕು ಕಾಣಲು 1988 ಆಗಬೇಕಾಯಿತು. ಗಾಜಿನ ಮನೆಗಳು, ಎಲ್ಲರಿಗೂ ಒಂದೇ ದಿನಚರಿ, ಸಂಖ್ಯೆಗಳಾದ ಮನುಷ್ಯರು. ಸುಖವೆಂಬ ಭಿನ್ನರಾಶಿಯಲ್ಲಿ ಅಸೂಯೆಯೇ ಛೇದ ಎಂದು ಲೆಕ್ಕ ಹಾಕುವ ನಿರೂಪಕನಿಗೆ, ಜನರ ಮೂಗುಗಳು ಇನ್ನೂ ಬೇರೆ ಬೇರೆಯಾಗಿ ಉಳಿದಿರುವುದೇ ಒಂದು ಚಿಂತೆ. ಅಳಿಸುವ ಕೆಲಸಕ್ಕೆ ಕೊನೆಯೇ ಇಲ್ಲ ಎಂಬುದನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ.

ಆ ಮೂಗುಗಳಿಗೆ ಉತ್ತರವೆಂಬಂತಿರುವುದು ಎಲ್. ಪಿ. ಹಾರ್ಟ್ಲಿ ಅವರ 1960ರ ಕಾದಂಬರಿ ‘ಫೇಶಿಯಲ್ ಜಸ್ಟಿಸ್’. ಅಲ್ಲಿ ಅತಿ ಚೆಲುವಾದ ಆಲ್ಫಾ ಮುಖವನ್ನೂ ಕುರೂಪದ ಗಾಮಾ ಮುಖವನ್ನೂ ಶಸ್ತ್ರಚಿಕಿತ್ಸೆಯಿಂದ ಬೀಟಾ ಎಂಬ ಸರಾಸರಿ ಮುಖವಾಗಿಸುತ್ತಾರೆ. ಗಮನಿಸಿ, ಇಲ್ಲಿ ಕೆಳಗಿನವರು ಮೇಲಕ್ಕೂ ಬರುತ್ತಾರೆ. ಹೀಗಾಗಿ ತಗ್ಗಿಸುವುದು ತಪ್ಪು, ಎತ್ತುವುದು ಸರಿ ಎಂಬ ಸರಳ ಸೂತ್ರ ಇಲ್ಲಿ ಸಾಲದು. ನಾಯಕಿ ಜೇಲ್‌ಳ ಮುಖವನ್ನು ಅವಳ ಒಪ್ಪಿಗೆಯಿಲ್ಲದೆ ಬದಲಿಸಿದಾಗ, ಕೇಳಬೇಕಾದ ಪ್ರಶ್ನೆ ಒಪ್ಪಿಗೆಯದು ಎಂದು ಗೊತ್ತಾಗುತ್ತದೆ. ಒಪ್ಪಿಗೆಯಿದ್ದರೆ ಎಲ್ಲ ಸರಿಯೇ ಎಂದು ಯಾರಾದರೂ ಕೇಳಿದರೆ ವಾನೆಗಟ್ ಅವರದೇ ‘ದಿ ಸೈರನ್ಸ್ ಆಫ್ ಟೈಟನ್’ ಕಾದಂಬರಿಯನ್ನು ತೋರಿಸಿ. 1959ರ ಆ ಕೃತಿಯಲ್ಲಿ ಹೊಸ ಧರ್ಮವೊಂದರ ಭಕ್ತರು ತಮಗೆ ತಾವೇ ಸಂತೋಷದಿಂದ ಭಾರ ಹೇರಿಕೊಂಡು ಓಡಾಡುತ್ತಾರೆ. ಎರಡು ವರ್ಷದ ಬಳಿಕ ಬಂದ ‘ಹ್ಯಾರಿಸನ್ ಬರ್ಜರಾನ್’ನಲ್ಲಿ ಆ ಭಾರಕ್ಕೆ ಕಾನೂನು ಬೀಗ ಹಾಕಿತು.

ಅಯ್ನ್ ರ್‍ಯಾಂಡ್ ಅವರ ‘ಆಂಥೆಮ್’ (1938) ಕಿರುಕಾದಂಬರಿಯನ್ನು ಈ ಸಾಲಿಗೆ ಸೇರಿಸುವುದು ವಾಡಿಕೆ. ವಿದ್ಯುದ್ದೀಪವನ್ನು ಮತ್ತೆ ಕಂಡುಹಿಡಿದವನನ್ನು, ಅದರಿಂದ ಮೇಣದಬತ್ತಿ ಇಲಾಖೆ ಹಾಳಾಗುತ್ತದೆಂದು ಪಂಡಿತರ ಮಂಡಳಿ ತಿರಸ್ಕರಿಸುವ ಸನ್ನಿವೇಶ ನಿಜಕ್ಕೂ ಚೆನ್ನಾಗಿದೆ. ಆದರೆ ಆ ಕೃತಿ ತನ್ನ ನಾಯಕನನ್ನು ಎಲ್ಲೂ ಅನುಮಾನಿಸುವುದಿಲ್ಲ. ಐದನೆಯ ಹೆಜ್ಜೆಗೆ ಅದರಲ್ಲಿ ಕೆಲಸವೇ ಇಲ್ಲ. ಆ ಕಾರಣಕ್ಕೆ ಅದು ವಾನೆಗಟ್ ಕಥೆಗಿಂತ ಬಡವಾಗಿದೆ ಎಂದು ನನ್ನ ಅಭಿಪ್ರಾಯ.

ಹೆಜ್ಜೆ 7: ಕಥೆಯನ್ನು ನಿಜಜೀವನದ ವಾದಕ್ಕೆ ಎಳೆದು ತಂದಾಗ

ಈ ಕಥೆ ನ್ಯಾಯಾಲಯಗಳವರೆಗೂ ಹೋಗಿದೆ. ರಕ್ತಪರಿಚಲನೆಯ ತೊಂದರೆಯಿಂದ ಕಾಲು ಬಾಧಿತವಾಗಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್, ಪಂದ್ಯಗಳ ವೇಳೆ ಮೈದಾನದಲ್ಲಿ ನಡೆಯುವ ಬದಲು ಪುಟ್ಟ ಗಾಡಿ ಬಳಸಲು ಅನುಮತಿ ಕೇಳಿದ್ದರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅವರ ಪರ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ, ವಾನೆಗಟ್ ಕಥೆಯ ಮೊದಲ ಸಾಲಿನಲ್ಲಿ ಇಸವಿಯನ್ನು 2001 ಎಂದು ಬದಲಿಸಿ ತಮ್ಮ ಬರಹವನ್ನು ಮುಗಿಸಿದರು. ನಿಮ್ಮ ನಾಲ್ಕು ಅಂಕಣಗಳ ಪಟ್ಟಿಯನ್ನು ಇಲ್ಲಿ ಹರಡಿ ನೋಡಿ. ಮಾರ್ಟಿನ್‌ಗೆ ಗಾಡಿ ಕೊಟ್ಟದ್ದರಿಂದ ಬೇರೆ ಆಟಗಾರರ ಕಾಲಿಗೆ ಯಾರಾದರೂ ಭಾರ ಕಟ್ಟಿದರೇ? ಇಲ್ಲ. ಗಾಡಿಯಿಂದ ಅವರಿಗೆ ಅನ್ಯಾಯದ ಲಾಭವಾಗುತ್ತದೆಯೇ ಎಂದು ವಾದಿಸಬಹುದು, ಅದು ಆಟದ ನಿಯಮದ ಪ್ರಶ್ನೆ. ಅದನ್ನು ಹ್ಯಾರಿಸನ್‌ನ 300 ಪೌಂಡಿನ ಜೊತೆ ತೂಗುವುದು ಚಾಟೂಕ್ತಿಯಾದೀತೇ ಹೊರತು ವಾದವಾಗದು.

ಎರಡನೆಯ ಪ್ರಸಂಗ 2005ರದು. ಕ್ಯಾನ್ಸಸ್ ರಾಜ್ಯದಲ್ಲಿ ಶಾಲೆಗಳಿಗೆ ಹಣ ಹಂಚುವ ಮೊಕದ್ದಮೆಯಲ್ಲಿ, ಸ್ಥಿತಿವಂತ ಪ್ರದೇಶದವರ ವಕೀಲರು ಸಮನಾದ ಹಂಚಿಕೆಯ ವಿರುದ್ಧ ಇದೇ ಕಥೆಯನ್ನು ಉದ್ಧರಿಸಿದರು. ಆಗ 82 ವರ್ಷದವರಾಗಿದ್ದ ವಾನೆಗಟ್ ಸ್ಥಳೀಯ ಪತ್ರಿಕೆಗೆ ಮಾತನಾಡಿ, ತಮ್ಮ ಕಥೆ ಬುದ್ಧಿ ಮತ್ತು ಪ್ರತಿಭೆಯ ಕುರಿತದ್ದು, ಐಶ್ವರ್ಯ ಆ ಎರಡರ ಗುರುತೂ ಅಲ್ಲ, ಬಡವರೆಂಬ ಕಾರಣಕ್ಕೆ ಮಕ್ಕಳು ಒಳ್ಳೆಯ ಶಿಕ್ಷಣದಿಂದ ವಂಚಿತರಾಗುವುದು ತಮಗೆ ಬೇಡ ಎಂಬರ್ಥದಲ್ಲಿ ಪ್ರತಿಕ್ರಿಯಿಸಿದರು. ಎರಡನೆಯ ಹೆಜ್ಜೆಯಲ್ಲಿ ಗುರುತು ಮಾಡಿಟ್ಟುಕೊಂಡ ಮೌನ ನೆನಪಿದೆಯಲ್ಲ. ಆ ಮೌನವನ್ನು ಗಮನಿಸಿದ ಓದುಗರಿಗೆ ಲೇಖಕರ ಸಾಕ್ಷಿಯೂ ಬೇಕಾಗುತ್ತಿರಲಿಲ್ಲ.

ಕನ್ನಡದ ಓದುಗರ ನಡುವೆ ಈ ಕಥೆ ಚರ್ಚೆಗೆ ಬಂದರೆ ಮಾತು ಮೀಸಲಾತಿಗೆ ತಿರುಗುವ ಸಂಭವ ಹೆಚ್ಚು. ಅದನ್ನು ತಪ್ಪಿಸಬೇಡಿ, ಆದರೆ ಸಿದ್ಧತೆಯಿಂದ ಎದುರುಗೊಳ್ಳಿ. ಪ್ರತಿಭೆಗೆ ಪೆಟ್ಟು ಎಂಬ ವಾದ ನಮ್ಮಲ್ಲಿ ವಾನೆಗಟ್ ಕಥೆಗಿಂತ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ದೊರಕಿಸಲು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಅರ್ಹತೆ ಮತ್ತು ದಕ್ಷತೆ ಸಡಿಲವಾಗುತ್ತದೆಂಬ ಆತಂಕ ದಿವಾನ ಎಂ. ವಿಶ್ವೇಶ್ವರಯ್ಯ ಅವರದಾಗಿತ್ತು, ಅದೇ ವರ್ಷ ಅವರು ಪದವಿ ಬಿಟ್ಟರು. ಅದಕ್ಕೆ ಸಿದ್ಧಾಂತದ ಮಟ್ಟದ ಉತ್ತರವನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರ 1936ರ ‘ಜಾತಿ ವಿನಾಶ’ದಲ್ಲಿ ಹುಡುಕಬಹುದು. ಮನುಷ್ಯರು ದೈಹಿಕ ಆನುವಂಶಿಕತೆಯಲ್ಲಿ, ಸಾಮಾಜಿಕ ಬಳುವಳಿಯಲ್ಲಿ, ಸ್ವಪ್ರಯತ್ನದಲ್ಲಿ ಸಮಾನರಲ್ಲ ಎಂಬುದನ್ನು ಅವರು ನೇರವಾಗಿ ಒಪ್ಪುತ್ತಾರೆ. ಅಸಮಾನರಾಗಿದ್ದಾರೆ ಎಂಬ ಕಾರಣಕ್ಕೆ ಅವರನ್ನು ಅಸಮಾನವಾಗಿ ನಡೆಸಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ. ಸ್ವಪ್ರಯತ್ನದ ಫಲದಲ್ಲಿ ವ್ಯತ್ಯಾಸವಿರಲಿ, ಆದರೆ ಓಟದ ಆರಂಭದಲ್ಲೇ ಎಲ್ಲರನ್ನೂ ಸಾಧ್ಯವಾದಷ್ಟು ಸಮ ಮಾಡಿದರೆ ಮಾತ್ರ ಸಮಾಜಕ್ಕೆ ತನ್ನ ಸದಸ್ಯರಿಂದ ಪೂರ್ತಿ ಪ್ರಯೋಜನ ದೊರೆಯುತ್ತದೆ ಎಂಬುದು ಅವರ ವಾದ. ಹ್ಯಾಂಡಿಕ್ಯಾಪರ್ ಜನರಲ್ ಮಾಡುವುದು ಇದಕ್ಕೆ ತೀರ ವಿರುದ್ಧವಾದದ್ದು: ಅವಳು ಫಲವನ್ನೇ ಕತ್ತರಿಸುತ್ತಾಳೆ. ಹುಟ್ಟಿನಿಂದಲೇ ಕೊರಳಿಗೆ ಚರೆಯ ಚೀಲ ಬಿಗಿದಿದ್ದ ಸಮಾಜದಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನದ 17ನೆಯ ವಿಧಿ ಬೀಗ ತೆಗೆಯುವ ಕೈಯೇ ಹೊರತು ಬೀಗ ಹಾಕುವ ಕೈಯಲ್ಲ. ಅದರ ಹಿಂದೆಯೂ ಪ್ರಭುತ್ವದ ಬಲ ಇದೆ, ಶಿಕ್ಷೆಯ ಭಯ ಇದೆ. ಆದ್ದರಿಂದ ಬಲ ಬಳಸಿದ ಮಾತ್ರಕ್ಕೆ ಒಂದು ಕ್ರಮ ಡಿಸ್ಟೋಪಿಯಾ ಆಗುವುದಿಲ್ಲ. ಆ ಬಲ ಯಾರ ಮೇಲಿನ ಭಾರವನ್ನು ಇಳಿಸುತ್ತಿದೆ ಅಥವಾ ಏರಿಸುತ್ತಿದೆ ಎಂಬುದನ್ನು ಪ್ರತಿ ಸಲವೂ ಬಿಡಿಯಾಗಿ ನೋಡಬೇಕು. ಯಾವ ಮೀಸಲಾತಿ ಕ್ರಮ ಎಷ್ಟು ಸಮರ್ಪಕ ಎಂಬ ಚರ್ಚೆ ಇದರಿಂದ ಮುಗಿಯುವುದಿಲ್ಲ. ಅದು ಅಂಕಿಅಂಶಗಳ ಮೇಲೆ ನಡೆಯಬೇಕಾದ ಬೇರೆಯೇ ಚರ್ಚೆ, ಕಥೆಯೊಂದರಿಂದ ತೀರುವಂಥದ್ದಲ್ಲ.

ಹೆಜ್ಜೆ 8: ಟಿಪ್ಪಣಿ ಬರೆಯುವುದು ಮತ್ತು ಬಳಗದಲ್ಲಿ ಓದುವುದು

ಕೊನೆಗೆ ಒಂದು ಪುಟ ಮೀರದ ಟಿಪ್ಪಣಿ ಬರೆಯಿರಿ. ಕಾನೂನಿನ ಸಮಾನತೆಯಿಂದ ಎಲ್ಲ ಬಗೆಯ ಸಮಾನತೆಗೆ ಕಥೆ ಎಲ್ಲಿ ಜಿಗಿಯಿತು, ಯಾರು ಅಳತೆಗೆ ಸಿಗದೆ ಉಳಿದರು, ಒಪ್ಪಿಗೆ ಹೇಗೆ ದೊರೆಯಿತು, ಬಂಡಾಯಗಾರ ಯಾವ ಬಗೆಯ ಲೋಕವನ್ನು ಕೊಡಲು ಬಂದಿದ್ದ ಎಂಬ ಪ್ರಶ್ನೆಗಳಿಗೆ ಪಠ್ಯದ ಒಂದೊಂದು ಸಾಲನ್ನಾದರೂ ಆಧಾರವಾಗಿ ಕೊಡಿ. ಆಧಾರ ಸಿಗದ ಅಭಿಪ್ರಾಯವನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ, ಅದು ಕಥೆಯದೋ ನಿಮ್ಮದೋ ಎಂಬ ಗೊಂದಲ ಇರುವುದಿಲ್ಲ.

ಬಳಗದಲ್ಲಿ ಓದುವುದಾದರೆ ಜಾರ್ಜ್ ಮತ್ತು ಹೇಜಲ್ ಅವರ ಮಾತುಗಳನ್ನು ಇಬ್ಬರು ಗಟ್ಟಿಯಾಗಿ ಓದಲಿ. ಮೂರನೆಯವರೊಬ್ಬರು ಗಡಿಯಾರ ನೋಡಿಕೊಂಡು ಇಪ್ಪತ್ತು ಸೆಕೆಂಡಿಗೊಮ್ಮೆ ಸ್ಟೀಲಿನ ತಟ್ಟೆ ಬಾರಿಸಲಿ. ತಟ್ಟೆಯ ಸದ್ದಾದಾಗಲೆಲ್ಲ ಜಾರ್ಜನ ಪಾತ್ರಧಾರಿ ಓದುತ್ತಿದ್ದ ವಾಕ್ಯವನ್ನು ಅಲ್ಲಿಗೇ ಬಿಟ್ಟು ಮುಂದಿನ ವಾಕ್ಯಕ್ಕೆ ಹೋಗಬೇಕು. ಈ ಪ್ರಯೋಗದ ಬಳಿಕವೇ ನಾಲ್ಕನೆಯ ಹೆಜ್ಜೆಯ ಚರ್ಚೆಯನ್ನು ಆರಂಭಿಸಿ. ಮೀಸಲಾತಿಯ ಮಾತನ್ನು ಎರಡನೆಯ ಹೆಜ್ಜೆಯ ಪಟ್ಟಿ ಎಲ್ಲರ ಕೈಯಲ್ಲೂ ಸಿದ್ಧವಾಗುವವರೆಗೆ ಎತ್ತದಿರುವುದು ಒಳ್ಳೆಯದು, ಇಲ್ಲವಾದರೆ ಕಥೆಯ ಪುಟಗಳು ಮತ್ತೆ ತೆರೆದುಕೊಳ್ಳುವುದೇ ಇಲ್ಲ.